ಬೀಜದಂಗಡಿಯ ಸುಜಾತಾ ಕಾರ್ಡಿನ ಬಾಕಿ ತೀರಿಸಿದ್ದು

ಮೂಡಲಗಿಯ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿಗಳಿಗೆ ಬರವಿಲ್ಲ. ಆದರೆ ಗಲ್ಲೆಯ ಮುಂದೆ ಹೆಂಗಸು ಕುಳಿತಿರುವ ಅಂಗಡಿ ಒಂದೇ. ಅದು ಸುಜಾತಾಳದು. ವಯಸ್ಸು ನಲವತ್ತೆರಡು, ಗಟ್ಟಿ ದನಿ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ರೈತರು ರೋಗ ಬಿದ್ದ ಎಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದರೆ ಅವಳು ಅದನ್ನು ಬಿಸಿಲಿಗೆ ಹಿಡಿದು ತಿರುವಿ ನೋಡುತ್ತಾಳೆ. ನೀರು ಎಷ್ಟು ದಿನಕ್ಕೊಮ್ಮೆ, ಹಿಂದಿನ ಬೆಳೆ ಯಾವುದು ಎಂದು ಕೇಳುತ್ತಾಳೆ. ಆಮೇಲೆ ಎಷ್ಟೋ ಸಲ ಏನನ್ನೂ ಮಾರದೆ, ನೀರು ಕಡಿಮೆ ಮಾಡಿ ಎಂಟು ದಿನ ಬಿಟ್ಟು ಬನ್ನಿ ಎಂದು ಕಳಿಸಿಬಿಡುತ್ತಾಳೆ. ಹಾಗೆ ಬರಿಗೈಲಿ ಹೋದವರು ಮುಂದಿನ ಹಂಗಾಮಿಗೆ ಹುಡುಕಿಕೊಂಡು ಬರುವುದು ಅವಳ ಅಂಗಡಿಗೇ.

ಅವಳು ಹುಟ್ಟಿದ್ದು ಕಲ್ಲೋಳಿಯಲ್ಲಿ. ತಂದೆ ಗುರುಲಿಂಗಪ್ಪನಿಗೆ ನಾಲ್ಕು ಎಕರೆ ಕಬ್ಬು ಇತ್ತು, ಅಕ್ಷರ ಇರಲಿಲ್ಲ. ಹಾಗಾಗಿ ಪ್ರತಿವರ್ಷ ಮಾರ್ಚ್ ತಿಂಗಳಲ್ಲಿ ಬೆಳೆಸಾಲದ ಬಡ್ಡಿ ಕಟ್ಟಲು ಊರಿನ ಸೊಸೈಟಿಗೆ ಹೋಗುವಾಗ ಮಗಳನ್ನು ಸೈಕಲ್ಲಿನ ಹಿಂದೆ ಕೂಡಿಸಿಕೊಂಡು ಹೋಗುತ್ತಿದ್ದ. ಅಲ್ಲಿಯ ಕಾರ್ಯದರ್ಶಿ ದೊಡ್ಡ ಪುಸ್ತಕ ತೆರೆದು ಬಡ್ಡಿ ಇಷ್ಟು ಎನ್ನುವನು. ಹುಡುಗಿ ತನ್ನ ಪಾಟಿಯ ಮೇಲೆ ಲೆಕ್ಕ ಮಾಡಿ ಹೌದೆಂದರೆ ಗುರುಲಿಂಗಪ್ಪ ಬಡ್ಡಿಯನ್ನು ಎಣಿಸಿ ಕೊಡುವನು. ಅಷ್ಟಾದರೆ ಸಾಲ ಹೊಸದಾಗುತ್ತಿತ್ತು. ಅಸಲು ಇನ್ನೊಂದು ವರ್ಷ ತನ್ನ ಪಾಡಿಗೆ ತಾನು ಇರುತ್ತಿತ್ತು. ಸೊಸೈಟಿಯ ಗೋಡೆಯ ಮೇಲೆ ಬಾಕಿದಾರರ ಹೆಸರು ಬರೆದು ಅಂಟಿಸುವ ಪದ್ಧತಿ ಇತ್ತು. ಆ ಗೋಡೆಯ ಮೇಲೆ ತನ್ನ ಹೆಸರು ಒಮ್ಮೆಯೂ ಬರಲಿಲ್ಲ ಎಂಬುದು ಗುರುಲಿಂಗಪ್ಪನ ಬಾಳಿನ ದೊಡ್ಡ ಹೆಮ್ಮೆ. ಬಡ್ಡಿ ಮುಟ್ಟಿಸಿದವನ ಮರ್ಯಾದೆ ಮುಕ್ಕಾಗದು ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಿದ್ದ. ಸೈಕಲ್ಲಿನ ಹಿಂದೆ ಕುಳಿತು ಕಲಿತ ಈ ಪಾಠವೇ ಮುಂದೆ ಅವಳನ್ನು ದಾರಿ ತಪ್ಪಿಸಿತು.

ಮದುವೆಯಾಗಿ ಮೂಡಲಗಿಗೆ ಬಂದಳು. ಗಂಡ ಮಹೇಶ ಟ್ರ್ಯಾಕ್ಟರ್ ಇಟ್ಟುಕೊಂಡು ಹಂಗಾಮಿನಲ್ಲಿ ಕಬ್ಬು ಸಾಗಿಸುತ್ತಾನೆ. ಹೆಚ್ಚು ಮಾತಿನ ಮನುಷ್ಯನಲ್ಲ. ಸುಜಾತಾ ಮೊದಲು ಮನೆಯ ಕಟ್ಟೆಯ ಮೇಲೆ ತರಕಾರಿ ಬೀಜದ ಪೊಟ್ಟಣ ಮಾರಿದಳು. ಆಮೇಲೆ ಬೀಜ-ಗೊಬ್ಬರ ಮಾರುವವರಿಗೆಂದೇ ಭಾನುವಾರ ನಡೆಯುವ ಒಂದು ವರ್ಷದ ಡಿಪ್ಲೊಮಾ ಮುಗಿಸಿ ಲೈಸನ್ಸ್ ತೆಗೆದುಕೊಂಡಳು. ಹುಕ್ಕೇರಿಯ ಧನಪಾಲ ಎಂಬ ಹಿರಿಯರಿಗೆ ಮೂಡಲಗಿಯಲ್ಲಿ ಒಂದು ಮಳಿಗೆ ಇತ್ತು. ಅದನ್ನು ಬಾಡಿಗೆಗೆ ಹಿಡಿದು ಹನ್ನೊಂದು ವರ್ಷವಾಯಿತು.

ಕಳೆದ ದಸರೆ ಮುಗಿದ ಮೇಲೆ ಧನಪಾಲರು ತಾವೇ ಬಂದು ಅಂಗಡಿಯ ಬೆಂಚಿನ ಮೇಲೆ ಕುಳಿತರು. ಎರಡನೆಯ ಮಗನಿಗೆ ಹುಕ್ಕೇರಿಯಲ್ಲಿ ಮನೆ ಕಟ್ಟಿಸಬೇಕಾಗಿದೆ, ಮಳಿಗೆ ಮಾರುತ್ತೇನೆ, ಇಪ್ಪತ್ತೆರಡು ಲಕ್ಷ, ಮೊದಲ ಮಾತು ನಿನಗೇ ಎಂದರು. ಗೋಕಾಕದ ಬಟ್ಟೆ ವ್ಯಾಪಾರಿಯೊಬ್ಬ ಅದಕ್ಕಿಂತ ಒಂದು ಲಕ್ಷ ಹೆಚ್ಚಿಗೆ ಕೊಡುತ್ತೇನೆಂದು ಕಾಯುತ್ತಿದ್ದಾನೆ ಎಂಬುದನ್ನೂ ಮುಚ್ಚಿಡಲಿಲ್ಲ.

“ಫೆಬ್ರುವರಿ ಕಡಿತನಕ ಬಾಗಿಲಾ ನಿಂದು, ತಂಗಿ. ಮಾರ್ಚ್ ಒಂದಕ್ಕ ಅವಂದು. ನಡುವ ನನಗ ಯಾರೂ ಏನೂ ಹೇಳಬಾರದು” ಎಂದರು.

ಮಳಿಗೆ ಕೈಬಿಟ್ಟರೆ ಹನ್ನೊಂದು ವರ್ಷದಲ್ಲಿ ಕಟ್ಟಿದ ಗಿರಾಕಿಯೂ ಬಿಟ್ಟಂತೆ. ಪೇಟೆಯಲ್ಲಿ ಬೇರೆ ಮಳಿಗೆ ಖಾಲಿ ಇರಲಿಲ್ಲ, ಲೈಸನ್ಸ್ ಇದ್ದದ್ದೂ ಅದೇ ವಿಳಾಸಕ್ಕೆ. ಸುಜಾತಾಳ ಖಾತೆಯಲ್ಲಿ ಆರು ಲಕ್ಷ ಉಳಿತಾಯ ಇತ್ತು. ಉಳಿದ ಹದಿನಾರು ಲಕ್ಷಕ್ಕೆ ಗೋಕಾಕದ ಬ್ಯಾಂಕಿನಲ್ಲಿ ಅರ್ಜಿ ಹಾಕಿದಳು. ಕಾಗದಪತ್ರ ಪರೀಕ್ಷೆಯಾಗಿ ಜನವರಿಯಲ್ಲಿ ಕರೆಯುತ್ತೇವೆ ಎಂದರು. ಒಮ್ಮೆಯೂ ಬಾಕಿ ಬೀಳದವಳಿಗೆ ಸಾಲ ಕೊಡದೆ ಇನ್ನಾರಿಗೆ ಕೊಡುತ್ತಾರೆ ಎಂಬ ಧೈರ್ಯ ಅವಳಿಗೆ.

ಅದರ ನಡುವೆ, ನವೆಂಬರಿನಲ್ಲಿ, ಬೀಜದ ಕಂಪನಿಯ ಪ್ರವಾಸ ಬಂತು. ಹೆಚ್ಚು ಬೀಜ ಮಾರಿದ ಅಂಗಡಿಯವರನ್ನು ಕಂಪನಿಗಳು ವರ್ಷಕ್ಕೊಮ್ಮೆ ಪರದೇಶ ತೋರಿಸಿಕೊಂಡು ಬರುತ್ತವೆ. ಆ ವರ್ಷ ವಿಯೆಟ್ನಾಂ. ಟಿಕೆಟ್ಟು, ಊಟ, ವಸತಿ ಕಂಪನಿಯದು, ಖರೀದಿ ಅವರವರದು. ಗುರುಲಿಂಗಪ್ಪನ ಮಗಳು ವಿಮಾನ ಹತ್ತುತ್ತಾಳೆಂದು ಕಲ್ಲೋಳಿಯ ಮಂದಿ ಫೋನು ಮಾಡಿ ಕೇಳಿದರು. ಸುಜಾತಾ ಹಿಗ್ಗಿದಳು, ಆದರೆ ಹಿಗ್ಗಿಗೆ ಮೈಮರೆಯಲಿಲ್ಲ. ಅವಳ ಹತ್ತಿರ ಎರಡು ಲಕ್ಷ ಮಿತಿಯ ಒಂದು ಕ್ರೆಡಿಟ್ ಕಾರ್ಡ್ ಇತ್ತು. ಅಂಗಡಿಯ ಖಾತೆ ತೆರೆದಾಗ ಬ್ಯಾಂಕಿನವರೇ ಕೊಟ್ಟದ್ದು. ಸ್ಕೂಟರಿಗೆ ಪೆಟ್ರೋಲು ಹಾಕಿಸಲು ಬಿಟ್ಟರೆ ಬೇರೆ ಕೆಲಸಕ್ಕೆ ಅದನ್ನು ತೆಗೆದವಳಲ್ಲ. ತಿಂಗಳಿಗೆ ಸಾವಿರ, ಎರಡು ಸಾವಿರ ಬಿಲ್ಲು ಬರುವುದು, ಪೂರಾ ಕಟ್ಟಿ ಮರೆತುಬಿಡುವುದು. ಹೊರಡುವ ಮೊದಲು ಶಾಖೆಗೆ ಹೋಗಿ, ಇದು ಪರದೇಶದಲ್ಲಿ ನಡೆಯುತ್ತದೆಯೇ ಎಂದು ಕೇಳಿದಳು.

ಅಲ್ಲಿಯ ಕ್ಲಾರ್ಕು ಅವಳ ಫೋನಿನಲ್ಲೇ ಬ್ಯಾಂಕಿನ ಆ್ಯಪು ತೆರೆಸಿ ತೋರಿಸಿದ. ವಿದೇಶಿ ಬಳಕೆ ಎಂಬ ಗುಂಡಿ ಬಂದ್ ಇರುತ್ತದೆ, ಅದನ್ನು ನೀವೇ ಚಾಲೂ ಮಾಡಬೇಕು, ಮರಳಿ ಬಂದ ಮೇಲೆ ಮತ್ತೆ ಬಂದ್ ಮಾಡಬೇಕು ಎಂದ. ಬ್ಯಾಂಕಿನ ಸಂದೇಶ ಅಲ್ಲಿಯೂ ಬರುವಂತೆ ಫೋನಿಗೆ ರೋಮಿಂಗ್ ಹಾಕಿಸಿಕೊಳ್ಳಿ ಎಂದ. ಈ ಕಾರ್ಡಿನಿಂದ ಎಟಿಎಮ್ಮಿನಲ್ಲಿ ನಗದು ಮಾತ್ರ ತೆಗೆಯಬೇಡಿ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ ಎಂದು ಎರಡು ಸಲ ಹೇಳಿದ. ಸುಜಾತಾ ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದಳು.

ಉಳಿದವರು ಮಾಡಿರಲಿಲ್ಲ. ಪ್ರವಾಸದಲ್ಲಿ ಅವಳ ಜೊತೆ ಇದ್ದವರು ಘಟಪ್ರಭಾದ ಅಲ್ಲಪ್ಪ ಮತ್ತು ಕೊಣ್ಣೂರಿನ ಲಖನ. ಇಬ್ಬರೂ ಬೀಜದಂಗಡಿಯವರೇ. ಅಲ್ಲಪ್ಪ ಐವತ್ತು ದಾಟಿದ ನಗೆಗಾರ. ಲಖನ ಮೂವತ್ತರ ಹುರುಪಿನ ಗಂಡು. ಹನೋಯ್ ಪಟ್ಟಣದ ಮುತ್ತಿನ ಅಂಗಡಿಯಲ್ಲಿ ಅಲ್ಲಪ್ಪ ಮಗಳ ಮದುವೆಗೆಂದು ಹಾರ ಆರಿಸಿ ತನ್ನ ಕಾರ್ಡು ಕೊಟ್ಟ. ಯಂತ್ರ ಉಗುಳಿತು. ಲಖನನ ಕಾರ್ಡೂ ಹಾಗೆಯೇ. ಇಬ್ಬರೂ ಆ ಗುಂಡಿಯ ಗೋಜಿಗೇ ಹೋಗಿರಲಿಲ್ಲ. ಫೋನಿಗೆ ರೋಮಿಂಗ್ ಇಲ್ಲದ್ದರಿಂದ ಅಲ್ಲಿ ನಿಂತು ಚಾಲೂ ಮಾಡಿಕೊಳ್ಳಲೂ ಬರಲಿಲ್ಲ. ಸುಜಾತಾಳ ಕಾರ್ಡು ಮಾತ್ರ ಮುಟ್ಟಿದಲ್ಲೆಲ್ಲ ನಡೆಯಿತು. ಒಬ್ಬರ ಕೈ ನಡೆದರೆ ಎಲ್ಲರ ಖರ್ಚೂ ಅವರೇ ಮಾಡುವುದು, ಊರಿಗೆ ಬಂದು ಲೆಕ್ಕ ತೀರಿಸಿಕೊಳ್ಳುವುದು ಈ ಭಾಗದ ರೂಢಿ. ಅಲ್ಲಪ್ಪನ ಹಾರ, ಬಟ್ಟೆಬರೆ ಸೇರಿ ಐವತ್ತೆಂಟು ಸಾವಿರದ ನಾಲ್ಕು ನೂರು. ಲಖನನ ಫೋನು, ಕೈಗಡಿಯಾರ, ಬೂಟು ಸೇರಿ ಎಪ್ಪತ್ತೊಂದು ಸಾವಿರದ ಆರು ನೂರು. ಸುಜಾತಾ ಪ್ರತಿಯೊಂದನ್ನೂ ಡೈರಿಯಲ್ಲಿ ಬರೆದುಕೊಂಡಳು.

ಅಲ್ಲಿಯ ದುಡ್ಡಿಗೆ ಡಾಂಗ್ ಎನ್ನುತ್ತಾರೆ. ಸೊನ್ನೆಗಳಿಗೆ ಲೆಕ್ಕವೇ ಇಲ್ಲ. ಒಂದು ಲೋಟ ಚಹಾಕ್ಕೆ ಮೂವತ್ತು ಸಾವಿರ ಎಂದು ಕೇಳಿ ಅಲ್ಲಪ್ಪ ಎದೆ ಹಿಡಿದುಕೊಂಡು ನಟಿಸಿದ. ಅದಕ್ಕೇ, ಯಂತ್ರವು ರೂಪಾಯಿಯಲ್ಲಿ ಕತ್ತರಿಸಲೇ, ಡಾಂಗಿನಲ್ಲಿ ಕತ್ತರಿಸಲೇ ಎಂದು ಕೇಳಿದಾಗ ಅವನು, ನಮ್ಮ ರೂಪಾಯಿಯೇ ಒತ್ತಿರಿ, ಹೋದದ್ದು ಎಷ್ಟೆಂದಾದರೂ ತಿಳಿಯುತ್ತದೆ ಎಂದ. ಸುಜಾತಾ ಮೊದಲ ದಿನ ಒಂದು ರೇಷ್ಮೆ ಶಾಲಿಗೆ ಹಾಗೆಯೇ ಒತ್ತಿದಳು. ಮರುದಿನ ಬೇರೆ ಅಂಗಡಿಯಲ್ಲಿ ಅದೇ ಐದು ಲಕ್ಷ ಡಾಂಗ್ ಬೆಲೆಯ ಇನ್ನೊಂದು ಶಾಲು ಕೊಂಡಾಗ, ಏನಾಗುತ್ತದೋ ನೋಡೋಣವೆಂದು ಡಾಂಗ್ ಒತ್ತಿದಳು. ಕೋಣೆಗೆ ಬಂದು ಚೀಟಿಯನ್ನೂ ಫೋನಿನ ಸಂದೇಶವನ್ನೂ ಬಾಜೂಬಾಜೂಕ್ಕೆ ಇಟ್ಟು ನೋಡಿದರೆ ಮೊದಲನೆಯದು ಒಂದು ಸಾವಿರದ ಏಳುನೂರ ಎಂಬತ್ತೈದು, ಎರಡನೆಯದು ಒಂದು ಸಾವಿರದ ಆರುನೂರ ಎಪ್ಪತ್ತೆರಡು. ಬೆಲೆ ಒಂದೇ. ರೂಪಾಯಿಗೆ ಬದಲಿಸುವ ದರವನ್ನು ಅಂಗಡಿಯ ಕಡೆಯವರೇ ಕಟ್ಟಿಕೊಂಡಿದ್ದರು. ಮುಂದೆ ಮೂವರ ಖರೀದಿಗೂ ಅವಳು ಡಾಂಗನ್ನೇ ಒತ್ತಿದಳು. ಲಖನ ನಗದು ತೆಗೆದುಕೊಡಿ ಎಂದು ಗೋಗರೆದಾಗ ತನ್ನ ಕಿಸೆಯಿಂದ ಸ್ವಲ್ಪ ಕೊಟ್ಟಳೇ ಹೊರತು ಎಟಿಎಮ್ಮಿನ ಹತ್ತಿರ ಸುಳಿಯಲಿಲ್ಲ.

ಹೀಗೆ ಪರದೇಶದಲ್ಲಿ ಎಲ್ಲಿಯೂ ಎಡವದವಳು ಮನೆಗೆ ಬಂದು ಎಡವಿದಳು.

ಡಿಸೆಂಬರ್ ಹತ್ತಕ್ಕೆ ಬಿಲ್ಲು ಬಂತು. ಪ್ರತಿ ಖರೀದಿಯ ಮೇಲೆ ಬ್ಯಾಂಕಿನ ವಿದೇಶಿ ಶುಲ್ಕ ಸೇರಿ ಒಟ್ಟು ಒಂದು ಲಕ್ಷ ಅರವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತು. ಶುಲ್ಕ ಎಷ್ಟೆಂದು ಮೊದಲೇ ಕೇಳಿಕೊಂಡಿದ್ದಳು, ಇಬ್ಬರ ಪಾಲಿಗೂ ಸೇರಿಸಿಯೇ ಡೈರಿಯಲ್ಲಿ ಬರೆದಿದ್ದಳು. ಅದು ಅವಳಿಗೆ ಹೊಸದಾಗಿರಲಿಲ್ಲ. ಹೊಸದಾಗಿ ಕಂಡದ್ದು ಕೆಳಗಿನ ಇನ್ನೊಂದು ಅಂಕಿ. ಕನಿಷ್ಠ ಕಟ್ಟಬೇಕಾದದ್ದು ಎಂಟು ಸಾವಿರದ ಇನ್ನೂರ ಹದಿನಾರು, ಕಡೆಯ ದಿನ ಡಿಸೆಂಬರ್ ಮೂವತ್ತು. ಸಣ್ಣ ಬಿಲ್ಲುಗಳ ಕಾಲದಲ್ಲಿ ಆ ಸಾಲಿನ ಮೇಲೆ ಅವಳ ಕಣ್ಣೇ ಹೋಗಿರಲಿಲ್ಲ. ಈಗ ನೋಡಿದೊಡನೆ ಅರ್ಥವಾಯಿತು ಎಂದುಕೊಂಡಳು. ಇದು ಬಡ್ಡಿ. ಬಡ್ಡಿ ಮುಟ್ಟಿಸಿದರೆ ಸಾಲ ಹೊಸದಾಗುತ್ತದೆ. ಕಲ್ಲೋಳಿಯ ಸೊಸೈಟಿಯಲ್ಲಿ ಇದ್ದದ್ದೂ ಇದೇ ಅಲ್ಲವೇ?

ಖಾತೆಯಲ್ಲಿ ಆರು ಲಕ್ಷ ಇತ್ತು ನಿಜ. ಆದರೆ ಅದು ಮಳಿಗೆಗೆ ಮುಡಿಪು. ಬ್ಯಾಂಕಿನವರು ಅದು ಖಾತೆಯಲ್ಲೇ ಇರಬೇಕು ಎಂದಿದ್ದರು. ಡಿಸೆಂಬರ್ ಇಪ್ಪತ್ತೆಂಟಕ್ಕೆ, ಕಡೆಯ ದಿನಕ್ಕೆ ಎರಡು ದಿನ ಮೊದಲೇ, ಎಂಟು ಸಾವಿರದ ಇನ್ನೂರ ಹದಿನಾರನ್ನು ಕಟ್ಟಿ ತಂದೆಯಂತೆಯೇ ನೆಮ್ಮದಿಯ ಉಸಿರು ಬಿಟ್ಟಳು. ಆ ನೆಮ್ಮದಿಯಲ್ಲಿ ಎರಡು ಮಾತು ಆಡಿದಳು. ಅಲ್ಲಪ್ಪ, ಲಖನರಿಗೆ ಫೋನು ಮಾಡಿ, ಕಬ್ಬಿನ ಹಂಗಾಮಿನಲ್ಲಿ ರೈತರಿಂದ ನಿಮಗೂ ವಸೂಲಿ ಆಗಬೇಕಲ್ಲ, ಯುಗಾದಿಯತನಕ ಅವಸರ ಬೇಡ, ನಾನು ಹೊಸದು ಮಾಡಿದ್ದೇನೆ ಎಂದಳು. ಲಖನ ಊರಿಗೆ ಬಂದ ಮೇಲೆ ತನ್ನ ಕಾರ್ಡಿನಿಂದಲೂ ಟಿವಿ, ಫ್ರಿಜ್ಜು ಕೊಂಡಿದ್ದ. ಅವನು, ನನ್ನ ಬಿಲ್ಲಿನಲ್ಲೂ ಎರಡು ಅಂಕಿ ಇವೆ, ಯಾವುದು ಕಟ್ಟಲಿ ಎಂದು ಕೇಳಿದಾಗ, ಸಣ್ಣದು ಕಟ್ಟು, ಸಾಕು ಎಂದು ಗುರುವಿನ ಧಾಟಿಯಲ್ಲಿ ಹೇಳಿಕೊಟ್ಟಳು.

ಜನವರಿ ಹತ್ತರ ಬಿಲ್ಲನ್ನು ಅವಳು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ತೆರೆದಳು. ಬಾಕಿ ಒಂದು ಲಕ್ಷ ಅರವತ್ತಾರು ಸಾವಿರದ ಆರುನೂರ ಅರವತ್ತೊಂಬತ್ತು. ಎಂಟು ಸಾವಿರ ಕಟ್ಟಿದ ಮೇಲೆ ಸಾಲ ಎರಡು ಸಾವಿರ ಏರಿತ್ತು. ಕಟ್ಟಿದ್ದು ಜಮಾ ಆಗಿಲ್ಲವೇನೋ ಎಂದು ಹುಡುಕಿದಳು. ಜಮಾ ಆಗಿತ್ತು. ಹಾಗಾದರೆ ಇದು ಎಲ್ಲಿಂದ ಬಂತು?

ಬೇರೆಯವರಾದರೆ ಬ್ಯಾಂಕಿನವರನ್ನು ಬೈದು ಫೋನು ಬದಿಗೆ ಇಡುತ್ತಿದ್ದರು. ಸುಜಾತಾ ಕಿವಿಯ ಹಿಂದಿನ ಪೆನ್ಸಿಲ್ ತೆಗೆದಳು. ಬಿಲ್ಲಿನ ಹಿಂದಿನ ಪುಟದ ಸಣ್ಣ ಅಕ್ಷರಗಳನ್ನು ದೊಡ್ಡದು ಮಾಡಿ ಸಾಲುಸಾಲಾಗಿ ಓದಿದಳು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ. ಪೂರಾ ಕಟ್ಟಿದರೆ ಬಡ್ಡಿ ಇಲ್ಲವೇ ಇಲ್ಲ. ಒಂದಿಷ್ಟು ಉಳಿಸಿದರೂ ಖರೀದಿ ಮಾಡಿದ ದಿನದಿಂದಲೇ, ಇಡೀ ಮೊತ್ತದ ಮೇಲೆ, ದಿನದ ಲೆಕ್ಕದಲ್ಲಿ ಬಡ್ಡಿ. ನವೆಂಬರ್ ಇಪ್ಪತ್ತಮೂರರಿಂದ ಎಂದು ಸರಾಸರಿ ಹಿಡಿದು ದಿನ ಎಣಿಸಿ ಗುಣಿಸಿದಳು. ಎಂಟು ಸಾವಿರದ ಒಂಬೈನೂರ ಚಿಲ್ಲರೆ ಬಂತು, ಅದರ ಮೇಲೆ ತೆರಿಗೆ ಸಾವಿರದ ಆರುನೂರು. ಬಿಲ್ಲಿನ ಅಂಕಿಗೂ ಅವಳ ಅಂಕಿಗೂ ಕೆಲವೇ ರೂಪಾಯಿ ವ್ಯತ್ಯಾಸ. ಲೆಕ್ಕ ಸರಿಯಾಗಿತ್ತು, ತಪ್ಪಿದ್ದು ಅವಳ ತಿಳುವಳಿಕೆ. ಆ ಸಣ್ಣ ಅಂಕಿ ಬಡ್ಡಿಯಾಗಿರಲಿಲ್ಲ. ಬಾಕಿದಾರಳೆಂದು ಹೆಸರು ಬೀಳದಿರಲು ಕಟ್ಟುವ ಒಂದು ತುಣುಕು ಮಾತ್ರ. ಪೇಟೆಯಲ್ಲಿ ಕೈಗಡ ಕೊಡುವವನು ನೂರಕ್ಕೆ ಮೂರು ಎಂದರೆ ಜನ ಮುಖ ಕಿವುಚುತ್ತಾರೆ. ತಾನು ಮೂರೂವರೆಗೆ ನಗುನಗುತ್ತ ಒಪ್ಪಿದ್ದಳು.

ಸಂಕ್ರಾಂತಿ ಕಳೆದು ಹದಿನೇಳನೆಯ ತಾರೀಖು ಗೋಕಾಕದ ಬ್ಯಾಂಕಿನಿಂದ ಕರೆ ಬಂತು. ಅಂದೇ ಅಲ್ಲಿಗೆ ಹೋದಾಗ, ಸಾಲದ ವಿಭಾಗ ನೋಡುವ ಆರತಿ ಎಂಬ ಅಧಿಕಾರಿ ಸಾಲ-ಕಂತುಗಳ ದಾಖಲೆ ತೆರೆದು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಒಂದು ಕಂತೂ ತಪ್ಪಿಲ್ಲ, ಒಂದು ದಿನವೂ ತಡವಾಗಿಲ್ಲ. ಆದರೆ ಎರಡು ಲಕ್ಷದ ಕಾರ್ಡಿನಲ್ಲಿ ಒಂದು ಲಕ್ಷ ಅರವತ್ತಾರು ಸಾವಿರ ತುಂಬಿ ನಿಂತಿದೆ.

“ಗಂಟಲತನಕ ಕಾರ್ಡ್ ತುಂಬಿದವರಿಗೆ ಹದಿನಾರ ಲಕ್ಷ ಕೊಡ್ರಿ ಅಂತ ನಾ ಮ್ಯಾಲಿನವರಿಗೆ ಹೆಂಗ ಬರೀಲಿ, ಅಕ್ಕಾರ? ಫೈಲ್ ಕಳಿಸಿದ್ರ ಹಂಗ ವಾಪಸ್ ಬರತೈತಿ.”

“ತೀರಿಸಿದ್ರ?”

“ತೀರಿಸಿದ್ರ ಫೆಬ್ರುವರಿ ನಡುವ ದಾಖಲೆ ಹೊಸದಾಗತೈತಿ. ಅವತ್ತ ಕಳಸ್ತೇನಿ. ಆದರ ಬಿಲ್ಲನ್ಯಾಗ ಇದ್ದಷ್ಟ ಕಟ್ಟಿ ಕೈ ತೊಳಕೋಬ್ಯಾಡ್ರಿ. ಹತ್ತನೇ ತಾರೀಖಿನಿಂದ ನೀವು ಕಟ್ಟೂ ದಿನದತನಕ ಬಡ್ಡಿ ಓಡಿರತೈತಿ. ಅದನ್ನೂ ಸೇರಿಸಿ ಕಟ್ರಿ, ಇಲ್ಲಂದ್ರ ಮುಂದಿನ ತಿಂಗಳ ಮತ್ತ ಬಾಲ ಕಾಣ್ತೈತಿ.”

ಸುಜಾತಾ ಅಲ್ಲಿಯೇ ಕುಳಿತು ಲೆಕ್ಕ ಹಾಕಿದಳು. ನಾಳೆ ಕಟ್ಟಿದರೆ ಎಂಟು ದಿನದ ಬಡ್ಡಿ, ತೆರಿಗೆ ಸೇರಿ ಒಂದು ಲಕ್ಷ ಅರವತ್ತೆಂಟು ಸಾವಿರದ ಐದುನೂರು ಸಾಕು. ಆರು ಲಕ್ಷಕ್ಕೆ ಕೈ ಹಾಕುವಂತಿಲ್ಲ. ಮೈಮೇಲೆ ಎರಡು ಜೊತೆ ಪಾಟ್ಲಿ ಬಳೆ ಇವೆ. ಅವನ್ನು ಒತ್ತೆ ಇಟ್ಟರೆ ವರ್ಷಕ್ಕೆ ನೂರಕ್ಕೆ ಒಂಬತ್ತರಂತೆ ಬಂಗಾರದ ಸಾಲ ಸಿಗುತ್ತದೆ. ವರ್ಷಕ್ಕೆ ನಲವತ್ತೆರಡರ ಸಾಲವನ್ನು ಒಂಬತ್ತರ ಸಾಲದಿಂದ ತೀರಿಸುವುದು. ಮಹೇಶನಿಗೆ ಫೋನು ಮಾಡಿದರೆ ಅವನು ಟ್ರ್ಯಾಕ್ಟರಿನ ಸದ್ದಿನಲ್ಲೇ, ಬಳೆ ನಿನ್ನವು, ಬುದ್ಧಿನೂ ನಿಂದು, ಮಾಡು ಎಂದ.

ದಾರಿ ಸಿಕ್ಕಿತು, ಆದರೂ ಅವಳು ನೇರ ಊರಿಗೆ ಹೋಗಲಿಲ್ಲ. ಗೋಕಾಕದ ನಿಲ್ದಾಣದಲ್ಲಿ ನಿಂತು ಘಟಪ್ರಭಾದ ಬಸ್ಸು ಹಿಡಿದಳು. ತನ್ನ ತಪ್ಪು ತನ್ನಲ್ಲೇ ನಿಂತಿರಲಿಲ್ಲ, ಲಖನನಿಗೂ ಅಂಟಿತ್ತು. ಬಸ್ಸಿನಿಂದಲೇ ಅವನಿಗೆ ಫೋನು ಮಾಡಿ, ಅಲ್ಲಪ್ಪನ ಅಂಗಡಿಗೆ ಬಾ, ಕಾರ್ಡಿನ ಬಿಲ್ಲು ತೆಗೆದುಕೊಂಡೇ ಬಾ ಎಂದಳು.

ರೈಲು ನಿಲ್ದಾಣದ ಹತ್ತಿರ ಅಲ್ಲಪ್ಪನ ಅಂಗಡಿ. ಲಖನ ಬಂದವನೇ ಬೈಕಿನಿಂದ ಇಳಿಯದೆ ಮಾತು ತೆಗೆದ.

“ಯುಗಾದಿ ಅಂದಿದ್ರಿ ಅಕ್ಕಾರ. ಸಂಕ್ರಮಣದ ಎಳ್ಳ ಇನ್ನೂ ಬಾಯಾಗ ಐತಿ, ಆಗಲೇ ವಸೂಲಿಗೆ ಬಂದ್ರಿ?”

“ಯುಗಾದಿ ಅಂದ್ರ ಯುಗಾದಿನ, ತಮ್ಮಾ. ನಾ ರೊಕ್ಕ ಕೇಳಾಕ ಬಂದಿಲ್ಲ. ನಿನಗ ಒಂದ ತಪ್ಪ ಹೇಳಿಕೊಟ್ಟೇನಿ, ಅದನ್ನ ತಿದ್ದಾಕ ಬಂದೇನಿ. ಇಳದ ಬಾ, ಬಿಲ್ ತಗಿ.”

ಅವನ ಬಿಲ್ಲು ನಲವತ್ತಾರು ಸಾವಿರದ್ದು. ಅವಳು ಹೇಳಿದಂತೆಯೇ ಎರಡು ಸಾವಿರದ ಮುನ್ನೂರು ಕಟ್ಟಿದ್ದ. ಹೊಸ ಬಿಲ್ಲು ಬಂದು ನಾಲ್ಕು ದಿನವಾಗಿತ್ತು, ತೆರೆದೇ ಇರಲಿಲ್ಲ. ಸುಜಾತಾ ಪೆನ್ಸಿಲ್ಲನ್ನು ಅವನ ಕೈಗೇ ಕೊಟ್ಟು, ಗೊಬ್ಬರದ ರಸೀದಿ ಪುಸ್ತಕದ ಹಿಂಬದಿಯಲ್ಲಿ ದಿನ ಎಣಿಸಿ ಗುಣಿಸಲು ಹಚ್ಚಿದಳು. ಅವನು ಗುಣಿಸಿದ. ಇನ್ನೊಮ್ಮೆ ಗುಣಿಸಿದ. ಕಟ್ಟಿದ್ದೆಲ್ಲ ಎಲ್ಲಿ ಹೋಯಿತೆಂದು ತಿಳಿದು ಅವನ ಮುಖ ಬಾಡಿತು.

ಅಲ್ಲಪ್ಪ ಸುಮ್ಮನಿರುವ ಮನುಷ್ಯನಲ್ಲ. “ಔಷಧದ ಡಬ್ಬಿ ಮ್ಯಾಗ ಇರುವಿಯಂಥ ಅಕ್ಷರಾ ಓದಿ ರೈತರಿಗೆ ಉಪದೇಶ ಮಾಡ್ತಾನ. ತನ್ನ ಬಿಲ್ ಓದಾಕ ಇವಗ ಚಾಳೀಸ ಬೇಕು” ಎಂದ.

“ಅವಂಗ ಅನಬ್ಯಾಡ್ರಿ ಅಣ್ಣಾರ. ನಾನೂ ಓದಿರಲಿಲ್ಲ. ಸೊಸೈಟಿ ಸಾಲಾ ನೋಡಿ ಬೆಳದಾಕಿ, ಎಲ್ಲಾ ಸಾಲಾನೂ ಸೊಸೈಟಿ ಸಾಲಾ ಅನಕೊಂಡೆ.” ಆಮೇಲೆ ಅವಳು ಬ್ಯಾಂಕಿನಲ್ಲಿ ನಡೆದದ್ದನ್ನು, ಮಳಿಗೆಯ ವಾಯಿದೆಯನ್ನು, ನಾಳೆ ಪಾಟ್ಲಿ ಒತ್ತೆ ಇಡುವುದನ್ನು ಒಂದೂ ಬಿಡದೆ ಹೇಳಿದಳು. ಅಸಲು ಯುಗಾದಿಗೆ ಕೊಟ್ಟರೆ ಸಾಕು, ಈಗ ಬಂದ ಬಡ್ಡಿಯಲ್ಲಿ ನಿಮ್ಮ ಪಾಲು ಕೇಳುವುದಿಲ್ಲ, ತಪ್ಪು ತಿಳಿದುಕೊಂಡವಳು ನಾನು ಎಂದಳು.

ಅಲ್ಲಪ್ಪನ ನಗೆ ಮಾಯವಾಗಿತ್ತು. ಆಮೇಲೆ ಕನ್ನಡಕ ಹಾಕಿಕೊಂಡು ಫೋನು ತೆಗೆದ.

“ನಿಮ್ಮ ಪಾಟ್ಲಿ ಒತ್ತಿ ಇಟ್ಟು ನನ್ನ ಮಗಳ ಕೊರಳಾಗ ಮುತ್ತು ಹಾಕೂದು ಖರೆ ಆಗಬಾರದ್ರಿ, ಅಕ್ಕಾರ. ಮುಂದಿನ ಹಂಗಾಮಿನ ಬೀಜಕ್ಕಂತ ಇಟ್ಟಿದ್ದೆ. ಕಂಪನಿಯವರಿಗೆ ಹದಿನೈದ ದಿನ ತಡಾ ಅಂದ್ರ ಏನೂ ಆಗೂದಿಲ್ಲ.”

ಐವತ್ತೆಂಟು ಸಾವಿರದ ನಾಲ್ಕುನೂರು ಅವಳ ಖಾತೆಗೆ ಜಮಾ ಆಯಿತು. ಲಖನನ ಕೈ ಬರಿದಾಗಿತ್ತು, ಅದನ್ನು ಅವನು ಮುಚ್ಚಿಡಲಿಲ್ಲ. ಮೊದಲು ನಿನ್ನ ಕಾರ್ಡು ತೀರಿಸು, ನನ್ನದು ಯುಗಾದಿಗೆ ಎಂದು ಸುಜಾತಾ ಹೇಳಿದಾಗ ಅವನು ತಲೆ ತಗ್ಗಿಸಿ ಹೌದ್ರಿ ಎಂದ. ಬಸ್ಸಿನತನಕ ಬೈಕಿನಲ್ಲಿ ಬಿಟ್ಟು ಬಂದವನೂ ಅವನೇ.

ಮರುದಿನ ಮೂಡಲಗಿಯಲ್ಲಿ ಒಂದೇ ಜೊತೆ ಪಾಟ್ಲಿ ಒತ್ತೆ ಹೋಯಿತು, ಒಂದು ಲಕ್ಷ ಹತ್ತು ಸಾವಿರಕ್ಕೆ. ಇನ್ನೊಂದು ಜೊತೆ ಕೈಯಲ್ಲೇ ಉಳಿಯಿತು. ಕಡಿಮೆ ಬಿದ್ದ ನೂರು ರೂಪಾಯಿಯನ್ನು ಗಲ್ಲೆಯಿಂದ ಸೇರಿಸಿ ಕಾರ್ಡಿಗೆ ಕಟ್ಟಿದಳು.

ಆ ಭಾನುವಾರ ಹುಕ್ಕೇರಿಗೆ ಹೋಗಿ ಧನಪಾಲರ ಎದುರು ಕುಳಿತಳು. ಅವರ ಕಿವಿಗೆ ಬೇರೆಯವರಿಂದ ಸುದ್ದಿ ಬೀಳುವುದಕ್ಕಿಂತ ತಾನೇ ಹೇಳುವುದು ಲೇಸೆಂದು ಅವಳ ಲೆಕ್ಕ. ಕಾರ್ಡಿನ ಕಥೆ ಹೇಳಿ, ಸಾಲ ಮಂಜೂರಾಗುವುದು ಫೆಬ್ರುವರಿಯ ಕೊನೆಯ ವಾರದಲ್ಲಿ, ಅದೂ ದಾಖಲೆ ಹೊತ್ತಿಗೆ ಬಂದರೆ ಎಂದಳು. ಧನಪಾಲರು ಕೇಳಿ ಮುಗಿಸಿ, ಕೊಟ್ಟ ವಾಯಿದೆ ಹೆಚ್ಚೂ ಮಾಡುವುದಿಲ್ಲ, ಕಡಿಮೆಯೂ ಮಾಡುವುದಿಲ್ಲ ಎಂದರು. ಬಟ್ಟೆ ವ್ಯಾಪಾರಿ ಆ ವಾರವೇ ಎರಡು ಸಲ ಬಂದು ಹೋಗಿದ್ದನಂತೆ. ಸುಜಾತಾ ಒಂದು ದಿನ ಹೆಚ್ಚಿಗೆ ಕೇಳಲಿಲ್ಲ. ಅವರ ಸೊಸೆ ಕೊಟ್ಟ ಚಹಾ ಕುಡಿದು ಎದ್ದು ಬಂದಳು.

ಫೆಬ್ರುವರಿ ಹತ್ತರ ಬಿಲ್ಲಿನಲ್ಲಿ ಬಾಕಿ ಇರಲಿಲ್ಲ. ಬದಲಿಗೆ ಇಪ್ಪತ್ತೊಂದು ರೂಪಾಯಿ ಅವಳದೇ ಜಮಾ ಇತ್ತು. ಹದಿನೇಳಕ್ಕೆ ಆರತಿ ಫೋನು ಮಾಡಿ ದಾಖಲೆ ಹೊಸದಾಗಿದೆ, ಫೈಲು ಕಳಿಸಿದ್ದೇನೆ ಎಂದರು. ನಡುವಿನ ಒಂದು ವಾರ ಅವಳು ಎಂದಿನಂತೆ ಎಂಟಕ್ಕೆ ಅಂಗಡಿ ತೆರೆದಳು, ಎಲೆ ನೋಡಿದಳು, ಬೇಸಿಗೆ ಜೋಳದ ಬೀಜ ತೂಗಿದಳು. ಬಟ್ಟೆ ವ್ಯಾಪಾರಿ ಒಮ್ಮೆ ರಸ್ತೆಯ ಆಚೆ ನಿಂತು ಮಳಿಗೆಯ ಅಗಲವನ್ನು ಹೆಜ್ಜೆಯಿಂದ ಅಳೆದ. ಅವಳು ಅವನನ್ನು ಒಳಗೆ ಕರೆದು ನೀರು ಕೊಟ್ಟು, ಅಳೆಯುವುದಿದ್ದರೆ ಮಾರ್ಚ್ ಒಂದಕ್ಕೆ ಬನ್ನಿ, ಟೇಪು ನಾನೇ ಕೊಡುತ್ತೇನೆ ಎಂದಳು. ಅವನಿಗೂ ನಗೆ ತಡೆಯಲಿಲ್ಲ.

ಇಪ್ಪತ್ತನಾಲ್ಕಕ್ಕೆ ಮಂಜೂರಾತಿ ಪತ್ರ ಬಂತು. ಇಪ್ಪತ್ತೇಳಕ್ಕೆ ನೋಂದಣಿ ಕಚೇರಿಯಲ್ಲಿ ಮಳಿಗೆಯ ಖರೀದಿ ದಾಖಲಾಯಿತು. ಧನಪಾಲರು ಹುಕ್ಕೇರಿಯಿಂದ ಮಗನ ಜೊತೆ ಬಂದು ಸಹಿ ಮಾಡಿದರು. ಸುಜಾತಾ ಹೆಬ್ಬೆರಳನ್ನು ಬೆರಳಚ್ಚಿನ ಯಂತ್ರದ ಮೇಲೆ ಇಟ್ಟಳು, ಬಾಜೂಕ್ಕೆ ಮಹೇಶ ಸಾಕ್ಷಿಯಾಗಿ ಸಹಿ ಹಾಕಿದ. ಕಾಗದ ಕೈಗೆ ಬರುವ ಹೊತ್ತಿಗೆ ಮಧ್ಯಾಹ್ನ ಮೂರಾಗಿತ್ತು. ಹೊರಗೆ ಬೇವಿನ ಗಿಡದ ಕೆಳಗೆ ಧನಪಾಲರು ಕೋಟಿನ ಒಳಗಿಸೆಗೆ ಕೈ ಹಾಕಿ, ದಾರ ಕಟ್ಟಿದ ಒಂದು ಕೀಲಿಕೈ ತೆಗೆದರು. ಶಟರಿನ ಎರಡನೆಯ ಕೀಲಿಕೈ. ಅಂಥದೊಂದು ಅವರ ಹತ್ತಿರ ಇತ್ತೆಂಬುದೇ ಅವಳಿಗೆ ಗೊತ್ತಿರಲಿಲ್ಲ.

“ಹನ್ನೊಂದ ವರ್ಷ ನನ್ನ ಕಡೆ ಇತ್ತು. ಒಮ್ಮೆನೂ ತಗದಿಲ್ಲ” ಎಂದರು.

“ತಗದಿದ್ರೂ ಅಂಗಡಿ ನಿಮ್ಮದ ಇತ್ತಲ್ರಿ, ಕಾಕಾ.”

“ಇನ್ನ ತಗದ್ರ ಕಳ್ಳ ಅಂತಾರ. ತಗೋ.”

ಅವಳು ಕೀಲಿಕೈಯನ್ನು ಪರ್ಸಿನಲ್ಲಿ ಹಾಕಿಕೊಂಡಳು. ಊಟಕ್ಕೆ ನಡೆಯಿರಿ ಎಂದು ಮಹೇಶ ಎಲ್ಲರನ್ನೂ ಕರೆದ. ನೀವು ಹೋಗಿರಿ, ಬೆಳಗಿನಿಂದ ಅಂಗಡಿ ಮುಚ್ಚಿದೆ, ಯಾರಾದರೂ ಎಲೆ ಹಿಡಿದುಕೊಂಡು ಬಂದು ನಿಂತಿರುತ್ತಾರೆ ಎಂದು ಹೇಳಿ ಸುಜಾತಾ ಸ್ಕೂಟರನ್ನು ಪೇಟೆಯ ಕಡೆ ತಿರುಗಿಸಿದಳು.